ರೊಟ್ಟಿ ಬಡಿಯೋ ಹೊತ್ತು

ರಾಯಚೂರಿನ ಈ ಬಿಸಿಲಿಗೆ ಮಧ್ಯಾಹ್ನ ಒಲಿ ಮುಂದ ನಿಲ್ಲಾಕ ಆಗಲ್ಲ ಅಂತ ಬೆಳಿಗ್ಗೆನ ರೊಟ್ಟಿ ಮುಗಸ್ತೀನಿ, ಅಷ್ಟೊತ್ತಿಗೆ ಎರಡು ವರ್ಷದ ಮಗಳೂ ಎದ್ದು ಬಂದು ಪರಾತದ ಮುಂದ ಕುಂತಿರ್ತಾಳ. ಜೋಳದ ಹಿಟ್ಟಿನ್ಯಾಗ ಗೋಧಿ ಥರ ಹಿಟ್ಟನ್ನ ಹಿಡದಿಡೋ ಗ್ಲುಟನ್ ಇರಲ್ಲ, ಅದಕ ಕುದಿಯೋ ಎಸರು ಹಾಕಿ ನಾದಿದ್ರನ ಅಂಟು ಬರೋದು, ಆ ಎಸರಿನ ಕೆಲಸ ಮುಗಿಯೋತನಕ ಆಕಿನ್ನ ಅವರಪ್ಪ ಎತ್ಕೊಂಡಿರ್ತಾನ, ಹಿಟ್ಟು ಆರಿದ ಮ್ಯಾಲ ಒಂದು ಸಣ್ಣ ಉಂಡಿ ಆಕಿ ಕೈಗೆ. ನಾ ತಟ್ಟೋ ಸಪ್ಪಳಕ್ಕ ಸರಿಯಾಗಿ ತಾನೂ ಪಟಪಟ ಬಡಿತಾಳ, ಒಣ ಹಿಟ್ಟು ಉದುರಸ್ತಾಳ, ಅಂಚೆಲ್ಲಾ ಒಡದಿರ್ತದ, ಆದ್ರೂ ಹಂಚಿನ ಮ್ಯಾಲ ಹಾಕಿ ನೀರು ಸವರಿ ತಿರುವಿ ಬೇಯಿಸಿನ ಕೊಡ್ತೀನಿ, ಯಾಕಂದ್ರ ಆಕಿ ಅದನ್ನ ಬಿಟ್ಟು ಬೇರೆ ರೊಟ್ಟಿ ಮುಟ್ಟಲ್ಲ.

ಶೇಂಗಾ ಮಾತ್ರ ಇಡಿಕಾಳು ಕೊಡಲ್ಲ, ಈ ವಯಸ್ಸಿನ್ಯಾಗ ಗಂಟಲಾಗ ಸಿಕ್ಕೊಳ್ಳತದ, ನುಣ್ಣಗ ಕುಟ್ಟಿದ ಪುಡಿ ಮೊಸರಿನ್ಯಾಗ ಕಲಸಿದ್ರ ಆತು.

ಕೆಲಸ ತಡ ಆಗ್ತದ ಅಂತ ಮಕ್ಕಳನ್ನ ಮೊಬೈಲ್ ಕೊಟ್ಟು ಕುಂದ್ರಸೋದು ಸುಲಭ ಖರೆ, ಆದ್ರ ತಟ್ಟ್ಯಾಗ ಹಾಕಿದ್ರ ಮುಖ ತಿರುಗಸೋ ಮೆಂತ್ಯ ಪಲ್ಯ, ತಾನೇ ಎಲಿ ಬಿಡಿಸಿದ ದಿನ ಕೇಳಿ ಕೇಳಿ ತಿಂತಾಳ, ಇದು ನಾ ಕಣ್ಣಾರೆ ನೋಡಿದ್ದು. ನಾಳೆ ಸಂತ್ಯಾಗ ಪುಂಡಿಪಲ್ಯ ಸಿಕ್ರ ತರ್ತೀನಿ, ಆ ಹುಳಿ ಆಕಿಗೆ ಹಿಡಸ್ತದೋ ಇಲ್ಲೋ ನೋಡ್ಬೇಕು.