‘ಮಾರ್’ ಎಂಬ ಹಳೆಯ ಇಂಗ್ಲಿಷ್ ಕ್ರಿಯಾಪದ: ಟಿಪ್ಪಣಿಯ ಕೆಲಸ ಎಲ್ಲಿಗೆ ಬಂದಿದೆ

ಇಂಗ್ಲಿಷಿನ ಹಳೆಯ ಕ್ರಿಯಾಪದಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿಡುವ ನನ್ನ ಹವ್ಯಾಸದ ಕೆಲಸದಲ್ಲಿ, ‘ಕೆಡಿಸು’ ಎಂಬ ಅರ್ಥವುಳ್ಳ ‘ಮಾರ್’ ಪದದ ಟಿಪ್ಪಣಿ ಈಗ ಬಹುಮಟ್ಟಿಗೆ ಮುಗಿದಿದೆ. ಇಂದು ಇದು ಮಾತಿಗಿಂತ ಬರಹದಲ್ಲೇ ಹೆಚ್ಚಾಗಿ ಕಾಣುವ ಪದ. ಮಳೆಯಿಂದ ಕೆಟ್ಟ ಪಂದ್ಯ, ಗೀರು ಬಿದ್ದು ಕಳೆಗುಂದಿದ ಮೇಜಿನ ಮೆರುಗು, ಗಲಭೆಯಿಂದ ಕಪ್ಪುಚುಕ್ಕೆ ಅಂಟಿಸಿಕೊಂಡ ಚುನಾವಣೆ ಇವುಗಳ ಪ್ರಸ್ತಾಪ ಬಂದಾಗ ಇಂಗ್ಲಿಷ್ ಪತ್ರಿಕೆಗಳು ಅದನ್ನು ಬಳಸುತ್ತವೆ. ಪೂರ್ತಿ ನಾಶ ಮಾಡುವುದು ಅದರ ಅರ್ಥವಲ್ಲ. ಚೆನ್ನಾಗಿದ್ದುದಕ್ಕೆ ಊನ ತರುವುದು ಅದರ ಅರ್ಥ. ಆದರೆ ಪದದ ಜಾಡು ಹಿಡಿದು ಹಿಂದಕ್ಕೆ ಹೋದಂತೆಲ್ಲ ಈ ಅರ್ಥ ತೆಳುವಾಗುತ್ತ, ಅದರ ಜಾಗದಲ್ಲಿ ‘ಅಡ್ಡಿಪಡಿಸು’, ‘ಎಡವಿಸು’, ‘ದಾರಿ ತಪ್ಪಿಸು’ ಎಂಬ ಅರ್ಥಗಳು ಮೇಲೆ ಬರುತ್ತವೆ. ಆದುದರಿಂದ ಟಿಪ್ಪಣಿಯನ್ನು ಇಂದಿನ ಅರ್ಥದಿಂದ ಆರಂಭಿಸದೆ, ಅತಿ ಹಳೆಯ ಸಾಕ್ಷ್ಯದಿಂದಲೇ ಆರಂಭಿಸಲು ನಿರ್ಧರಿಸಿದೆ.

ಆ ಸಾಕ್ಷ್ಯ ಇರುವುದು ಇಂಗ್ಲಿಷಿನಲ್ಲಲ್ಲ, ಅದರ ದಾಯಾದಿ ಭಾಷೆಯಾದ ಗಾಥಿಕ್‌ನಲ್ಲಿ. 4ನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲ ಮಾಡಿದ ಬೈಬಲ್ ಅನುವಾದದಲ್ಲಿ, ‘ನಿನ್ನ ಕೈ ನಿನ್ನನ್ನು ಎಡವಿಸಿದರೆ ಅದನ್ನು ಕತ್ತರಿಸು’ ಎಂಬ ಮಾರ್ಕನ ಸುವಾರ್ತೆಯ ಮಾತಿಗೆ ‘ಮರ್ಜ್ಯನ್’ ಎಂಬ ಕ್ರಿಯಾಪದ ಬಂದಿದೆ. ಅಲ್ಲಿನ ಮೂಲ ಗ್ರೀಕ್ ಪದದ ಕುಟುಂಬದಿಂದಲೇ ‘ಸ್ಕ್ಯಾಂಡಲ್’ ಎಂಬ ಮಾತೂ ಇಂಗ್ಲಿಷಿಗೆ ಬಂದಿದೆ. ನಡೆಯುವವನ ಕಾಲಿಗೆ ಅಡ್ಡ ಇಟ್ಟ ವಸ್ತುವಿನ ಕಲ್ಪನೆ ಅದರ ಹಿಂದಿದೆ. ಗಾಥಿಕ್ ಅನುವಾದಕ ಅದಕ್ಕೆ ಈ ಪದವನ್ನೇ ಆರಿಸಿದ್ದರಿಂದ, ಅದರ ಹಳೆಯ ತಿರುಳು ಏನೆಂಬುದು ಸ್ಪಷ್ಟವಾಗುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಪದದ ರೂಪ ‘ಮೆರ್ರನ್’. ಪಶ್ಚಿಮ ಸ್ಯಾಕ್ಸನ್ ಉಪಭಾಷೆಯಲ್ಲಿ ‘ಮಿಯೆರ್ರನ್’. ಗಾಥಿಕ್‌ನ ‘ರ್ಜ್’ ಇಲ್ಲಿ ‘ರ್ರ್’ ಆಗಿದೆ. ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಸುಮಾರು 1000ದ ಹೊತ್ತಿನ ಪಶ್ಚಿಮ ಸ್ಯಾಕ್ಸನ್ ಸುವಾರ್ತೆಗಳಲ್ಲಿದೆ. ತಂದೆಯಿಂದ ಪಾಲು ಪಡೆದು ದೂರ ದೇಶಕ್ಕೆ ಹೋದ ಕಿರಿಯ ಮಗ ಎಲ್ಲವನ್ನೂ ಕಳೆದ ಮೇಲೆ ಆ ನಾಡಿನಲ್ಲಿ ದೊಡ್ಡ ಬರ ಬಂತು ಎಂದು ಲೂಕನ ಕಥೆ ಹೇಳುವಲ್ಲಿ, ‘ಎಲ್ಲವನ್ನೂ ಕಳೆದ’ ಎಂಬುದಕ್ಕೆ ಬಳಸಿರುವುದು ಇದೇ ಪದದ ಉಪಸರ್ಗಸಹಿತ ರೂಪವಾದ ‘ಆಮ್ಯುರ್ರನ್’. ದುಂದುಮಾಡುವುದು ಎಂಬ ಈ ಅರ್ಥ, ಅಡ್ಡಿಪಡಿಸುವುದಕ್ಕೂ ಕೆಡಿಸುವುದಕ್ಕೂ ನಡುವಿನ ಮೆಟ್ಟಿಲು. ದಾರಿ ತಪ್ಪಿದ ಹಣ ಹಾಳಾದ ಹಣವೇ ತಾನೆ. ‘ಮನೆ ದುಡ್ಡೆಲ್ಲ ಹಾಳುಮಾಡಿದ’ ಎನ್ನುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

‘ಮೆರ್’ ಹೇಗೆ ‘ಮಾರ್’ ಆಯಿತು ಎಂಬುದನ್ನು ಚಿಕ್ಕದಾಗಿ ಬರೆದಿದ್ದೇನೆ. ಮಧ್ಯಕಾಲೀನ ಇಂಗ್ಲಿಷಿನ ಕೊನೆಯ ಘಟ್ಟದಲ್ಲಿ ‘ಎರ್’ ಧ್ವನಿ ಎಷ್ಟೋ ಪದಗಳಲ್ಲಿ ‘ಅರ್’ ಆಯಿತು. ಬ್ರಿಟಿಷರು ಇಂದಿಗೂ ‘ಕ್ಲರ್ಕ್’ ಅನ್ನು ‘ಕ್ಲಾರ್ಕ್’ ಎನ್ನುವುದು ಅದರ ಕುರುಹು.

ಇಂಗ್ಲಿಷ್, ಗಾಥಿಕ್‌ಗಳು ಸೇರಿದ ಜರ್ಮಾನಿಕ್ ಕುಲದ ಈ ಪದ, ಲ್ಯಾಟಿನ್ನಿನಿಂದ ಹುಟ್ಟಿದ ರೊಮಾನ್ಸ್ ಕುಲದ ಭಾಷೆಗಳಿಗೂ ದಾಟಿದೆ. ದುಃಖಿತನಾದವನಿಗೆ ಹಳೆಯ ಫ್ರೆಂಚಿನಲ್ಲಿದ್ದ ‘ಮರ್ರಿ’ ಎಂಬ ವಿಶೇಷಣ, ಕಳೆದುಕೊಳ್ಳುವುದಕ್ಕೆ ಇಟಾಲಿಯನ್ನಿನ ‘ಸ್ಮರ್ರೀರೆ’ ಎರಡೂ ಇದರಿಂದಲೇ ಬಂದವು. ಇಟಾಲಿಯನ್ ಕವಿ ಡಾಂಟೆಯ ಮಹಾಕಾವ್ಯದಲ್ಲಿ ನರಕ ಕಾಂಡದ ಮೂರನೆಯ ಸಾಲಿನಲ್ಲಿ ನೇರ ದಾರಿ ತಪ್ಪಿಹೋಗಿತ್ತು ಎಂದು ಹೇಳುವ ಪದವೂ ಈ ಕುಟುಂಬದ್ದೇ. ಇಂಗ್ಲಿಷ್ ಮರೆತ ದಾರಿಯ ಅರ್ಥವನ್ನು ಇಟಾಲಿಯನ್ ಕಾಪಾಡಿಕೊಂಡಿರುವುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಇಂಗ್ಲಿಷಿನೊಳಗೆ ಪದ ಗಟ್ಟಿಯಾಗಿ ನಿಂತದ್ದು ‘ಮೇಕ್’ ಎಂಬ ಪದದ ಜೊತೆ ಮೊದಲ ಅಕ್ಷರದ ಅನುಪ್ರಾಸ ಕೂಡಿದ್ದರಿಂದ ಎಂದು ನನ್ನ ಅನಿಸಿಕೆ. ಕಟ್ಟುವುದು, ಕೆಡಿಸುವುದು ಎಂಬ ಆ ಜೋಡಿಯನ್ನು ಶೇಕ್ಸ್‌ಪಿಯರ್ ಹಲವೆಡೆ ಆಡಿಸಿದ್ದಾನೆ. ‘ಕಿಂಗ್ ಲಿಯರ್’ ನಾಟಕದಲ್ಲಿ ಆಲ್ಬನಿ, ಉತ್ತಮಪಡಿಸಲು ಹೋಗಿ ಚೆನ್ನಾಗಿರುವುದನ್ನೇ ನಾವು ಎಷ್ಟೋ ಬಾರಿ ಕೆಡಿಸುತ್ತೇವೆ ಎನ್ನುವಾಗ ಬರುವುದೂ ಇದೇ ಕ್ರಿಯಾಪದ. ಹೆಸರುಗಳನ್ನು ಕಟ್ಟುವುದಕ್ಕೂ ಅದು ಒದಗಿತು. 1588ರಲ್ಲಿ ಆಂಗ್ಲಿಕನ್ ಬಿಷಪ್‌ಗಳ ಮೇಲೆ ಹರಿಹಾಯ್ದ ಗುಪ್ತ ಲೇಖಕ ತನ್ನನ್ನು ‘ಮಾರ್‌ಪ್ರೆಲೇಟ್’ (‘ಪ್ರೆಲೇಟ್’ ಎಂದರೆ ಬಿಷಪ್‌ನಂಥ ಹಿರಿಯ ಪಾದ್ರಿ) ಎಂದು ಕರೆದುಕೊಂಡ. 1709ರಲ್ಲಿ ಸುಸಾನಾ ಸೆಂಟ್‌ಲಿವರ್ ಬರೆದ ಹಾಸ್ಯನಾಟಕದ ‘ಮಾರ್‌ಪ್ಲಾಟ್’ ಎಂಬ ಪಾತ್ರದ ಹೆಸರು, ಮಧ್ಯೆ ಬಾಯಿ ಹಾಕಿ ಕೆಲಸ ಕೆಡಿಸುವ ಯಾರಿಗಾದರೂ ಸಲ್ಲುವ ಪದವಾಯಿತು.

ಟಿಪ್ಪಣಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಡಿದ್ದು ಸಂಸ್ಕೃತದ ಭಾಗ. ಹಲವು ವ್ಯುತ್ಪತ್ತಿಕಾರರು ಈ ಪದವನ್ನು ‘ಮೆರ್ಸ್’ ಎಂಬ ಇಂಡೋ-ಯುರೋಪಿಯನ್ ಧಾತುವಿಗೆ ಒಯ್ಯುತ್ತಾರೆ. ಮರೆಯುವುದಕ್ಕಿರುವ ಲಿಥುವೇನಿಯನ್ ಪದ ‘ಪಮಿರ್ಷ್ತಿ’ಯನ್ನೂ ಸಂಸ್ಕೃತದ ‘ಮೃಷ್’ ಧಾತುವನ್ನೂ ಅದರ ಬಳಿಯೇ ಇಡುತ್ತಾರೆ. ವೇದದಲ್ಲಿ ಮರೆ, ಲಕ್ಷಿಸದಿರು ಎಂಬ ಅರ್ಥವಿರುವ ಈ ಧಾತುವಿಗೆ, ಸಂಸ್ಕೃತ ಧಾತುಗಳ ಹಳೆಯ ಪಟ್ಟಿಯಾದ ಧಾತುಪಾಠ ತಿತಿಕ್ಷೆ, ಅಂದರೆ ಸಹನೆ ಎಂಬ ಅರ್ಥ ಹೇಳುತ್ತದೆ. ನಾಟ್ಯಶಾಸ್ತ್ರದ 33 ವ್ಯಭಿಚಾರಿಭಾವಗಳಲ್ಲಿ, ಅಂದರೆ ಬಂದುಹೋಗುವ ಭಾವಗಳಲ್ಲಿ, ಒಂದಾದ ‘ಅಮರ್ಷ’ (ಸಹಿಸಲಾರದ ಸಿಟ್ಟು) ಇದರಿಂದಲೇ ಹುಟ್ಟಿದ್ದು. ಇದೇ ಭರದಲ್ಲಿ ‘ವಿಮರ್ಶೆ’ಯನ್ನೂ ಸೇರಿಸುವಂತಿಲ್ಲ; ಅದು ಶಕಾರವುಳ್ಳ, ‘ಮುಟ್ಟು’ ಎಂಬ ಅರ್ಥದ ಬೇರೆ ಧಾತುವಿನದು. ಕನ್ನಡದ ‘ಮರೆ’ಯನ್ನಂತೂ ಖಂಡಿತ ಸೇರಿಸಬಾರದು. ಹಳಗನ್ನಡದಲ್ಲಿ ಅದನ್ನು ಶಕಟರೇಫದಿಂದ, ಅಂದರೆ ಈಗ ಬಳಕೆ ತಪ್ಪಿದ ‘ಱ’ ಅಕ್ಷರದಿಂದ, ‘ಮಱೆ’ ಎಂದು ಬರೆಯುತ್ತಿದ್ದರು. ತಮಿಳು, ಮಲಯಾಳ, ತೆಲುಗುಗಳಲ್ಲಿ ಒಡಹುಟ್ಟುಗಳಿರುವ ಅಚ್ಚ ದ್ರಾವಿಡ ಪದ ಅದು. ಧ್ವನಿಯೂ ಅರ್ಥವೂ ಇಷ್ಟು ಹತ್ತಿರ ಬಂದಾಗ ನಂಟು ಕಟ್ಟುವ ಆಸೆ ಸಹಜ, ಅದಕ್ಕಾಗಿಯೇ ಈ ಎಚ್ಚರಿಕೆಯನ್ನು ಟಿಪ್ಪಣಿಯ ಒಡಲಲ್ಲೇ ಬರೆದೆ.

ಇನ್ನು ಉಳಿದಿರುವುದು 1611ರ ಇಂಗ್ಲಿಷ್ ಬೈಬಲಿನ ಪ್ರಯೋಗಗಳನ್ನು ಜೋಡಿಸುವ ಕೆಲಸ. ಯೆರೆಮೀಯನ 18ನೆಯ ಅಧ್ಯಾಯದಲ್ಲಿ ಕುಂಬಾರನ ಕೈಯಲ್ಲೇ ಕೆಟ್ಟುಹೋದ ಮಣ್ಣಿನ ಪಾತ್ರೆ, ಯೆಶಾಯನ 52ರಲ್ಲಿ ವಿಕಾರಗೊಂಡ ಮುಖ ಎರಡಕ್ಕೂ ಅಲ್ಲಿ ‘ಮಾರ್’ ಪದವೇ ಇದೆ. ಅಡ್ಡಿಯ ಅರ್ಥ ಪೂರ್ತಿ ಬಿಟ್ಟುಹೋಗಿ ರೂಪಗೆಡಿಸುವ ಅರ್ಥ ನೆಲೆಗೊಂಡುದಕ್ಕೆ ಇವೇ ಸಾಕ್ಷಿಯಾದ್ದರಿಂದ, ಇವನ್ನು ಶೇಕ್ಸ್‌ಪಿಯರ್ ಉದಾಹರಣೆಗಳ ಪಕ್ಕದಲ್ಲೇ ಇಡುತ್ತೇನೆ.