ವಾಟರ್‌ಲೂ ಡಯೋರಾಮ: ಸೈನಿಕರ ಬೆನ್ನಿನ ಕಡೆಯ ಕೆಲಸ

1815ರ ವಾಟರ್‌ಲೂ ಕದನದಲ್ಲಿ ಎರಡು ಸಾಲಾಗಿ ನಿಂತ ಬ್ರಿಟಿಷ್ ಪದಾತಿಗಳನ್ನು 54 ಮಿ.ಮೀ. ಗೊಂಬೆಗಳಲ್ಲಿ ತೋರಿಸುವ ನನ್ನ ಡಯೋರಾಮದ (ಪುಟ್ಟ ಮಾದರಿ ದೃಶ್ಯದ) ಕೆಲಸ, ಮುಂದಿನ ಸಾಲಿಗೆ ಬಣ್ಣ ಹಚ್ಚಿ ಮುಗಿದ ಮೇಲೆ ಮುಂದುವರಿದಿರಲಿಲ್ಲ. ಈ ದೃಶ್ಯವನ್ನು ನೋಡುವವರು ಸೈನಿಕರ ಹಿಂದಿನಿಂದ, ತುಸು ಮೇಲಿನಿಂದ ನೋಡುತ್ತಾರೆ. ನನ್ನಲ್ಲಿದ್ದ ಚಿತ್ರಗಳೋ ಬಹುಪಾಲು ಸೈನಿಕನನ್ನು ಎದುರಿನಿಂದ ತೋರಿಸುವಂಥವು. ಆದ್ದರಿಂದ ಆ ಕಾಲದ ಸಮವಸ್ತ್ರ ತೊಟ್ಟು ಕವಾಯತು ಮತ್ತು ಅಣಕು ಕದನ ನಡೆಸುವ ತಂಡವೊಂದರ ಪ್ರದರ್ಶನಕ್ಕೆ ಹೋದೆ, ತಂದೆಯವರನ್ನೂ ಕರೆದುಕೊಂಡು ಹೋದೆ. ಅವರು ಬಹುಕಾಲ ಟೈಲರಿಂಗ್ ಮಾಡಿದವರು. ಯುದ್ಧಗಳ ಬಗ್ಗೆ ಅವರಿಗೆ ಅಂಥ ಕುತೂಹಲವಿಲ್ಲ. ಕೋಟಿನ ವಿಷಯಕ್ಕೆ ಬಂದರೆ ಮಾತ್ರ ಯಾರ ಮಾತನ್ನೂ ಸುಲಭವಾಗಿ ಒಪ್ಪುವವರಲ್ಲ.

ಶಿಬಿರದಲ್ಲಿ ಒಬ್ಬರು ತಮ್ಮ ಕೆಂಪು ಕೋಟನ್ನು ಬಿಚ್ಚಿ ಅವರ ಕೈಗೆ ಕೊಟ್ಟಾಗ, ತಂದೆಯವರು ಎದೆಯ ಪಟ್ಟಿಗಳನ್ನಾಗಲಿ ಗುಂಡಿಗಳನ್ನಾಗಲಿ ಗಮನಿಸದೆ ಮೊದಲು ಬೆನ್ನನ್ನೇ ತಿರುಗಿಸಿ ನೋಡಿದರು. “ಭುಜದ ಹೊಲಿಗೆ ಎಲ್ಲಿ ಇಳಿದಿದೆ ನೋಡು” ಎಂದು ಬೆರಳಿಟ್ಟು ತೋರಿಸಿದರು. ನಮ್ಮ ಅಂಗಿಗಳಲ್ಲಿ ಭುಜದ ಮೇಲ್ಭಾಗದಲ್ಲಿ ಬರುವ ಆ ಹೊಲಿಗೆ ಇಲ್ಲಿ ಬೆನ್ನಿನ ಕಡೆಗೆ ಸರಿದಿತ್ತು, ಬೆನ್ನಿನ ತುಂಡುಗಳು ಕಿರಿದಾಗಿದ್ದವು, ತೋಳುಗಳನ್ನೂ ಹಿಂದಕ್ಕೆ ತಂದು ಕೂಡಿಸಲಾಗಿತ್ತು. ಇಂಥ ಕೋಟು ತೊಟ್ಟವನು ಭುಜವನ್ನು ಮುಂದಕ್ಕೆ ಬಾಗಿಸಿ ನಿಲ್ಲುವುದು ಕಷ್ಟ. ಬೆನ್ನುಚೀಲ ಏರಿಸಿದರೆ ಹೊಲಿಗೆಗಳು ಮರೆಯಾಗುತ್ತವೆ ನಿಜ, ಆದರೆ ಆ ನಿಲುವು ಮರೆಯಾಗುವುದಿಲ್ಲ. ಹಾಗಾಗಿ ಹಿಂದಿನ ಸಾಲಿನ ಗೊಂಬೆಗಳ ಭುಜಗಳನ್ನು ಕೆತ್ತಿ ಹಿಂದಕ್ಕೆ ಸರಿಸುತ್ತಿದ್ದೇನೆ.

ಕೋಟಿನ ಅಂಚುಗಳನ್ನು ಮಡಿಸಿ ಹೊಲಿಯದೆ, ಕತ್ತರಿಸಿದಂತೆಯೇ ಬಿಡಲಾಗಿತ್ತು. ತಂದೆಯವರು ಉಗುರಿನಿಂದ ಕೆರೆದು ನೋಡಿದರು, ಒಂದು ಎಳೆಯೂ ಬಿಡಲಿಲ್ಲ. ನೇಯ್ದ ಮೇಲೆ ಉಣ್ಣೆಯನ್ನು ಒದ್ದೆಮಾಡಿ ಕುಟ್ಟಿ ಒತ್ತಾಗಿಸುವುದರಿಂದ ಈ ಬಟ್ಟೆಗೆ ಮಡಿಕೆಯ ಅಗತ್ಯವೇ ಇಲ್ಲ. ಕಿಟ್‌ನ ಗೊಂಬೆಗಳಲ್ಲಿ ಕೋಟಿನ ಬಾಲದ ಅಂಚಿಗೆ ದಪ್ಪ ದಿಂಡು ಅಚ್ಚಾಗಿದೆ. ಅದನ್ನೆಲ್ಲ ತೆಳುವಾಗಿ ಉಜ್ಜಬೇಕು. ಬಣ್ಣದ ಲೆಕ್ಕವೂ ಇಲ್ಲಿಯೇ ಇತ್ಯರ್ಥವಾಯಿತು. ಸಾಮಾನ್ಯ ಸೈನಿಕರ ಬಟ್ಟೆಗೆ ಮಂಜಿಷ್ಠದ ಜಾತಿಯ ಬೇರಿನ ಬಣ್ಣ, ಅಧಿಕಾರಿಗಳದ್ದಕ್ಕೆ ಕೊಚಿನೀಲ್ ಕೀಟದ ದುಬಾರಿ ಬಣ್ಣ ಬಳಕೆಯಲ್ಲಿತ್ತು. ಆದ್ದರಿಂದ ಇಡೀ ಸಾಲು ಇಟ್ಟಿಗೆಯತ್ತ ಹೊರಳುವ ಮಂಕು ಕೆಂಪಿನಲ್ಲಿರುತ್ತದೆ, ಝಗ್ಗನೆ ಕಾಣುವ ಕೆಂಪು ಅಧಿಕಾರಿಯೊಬ್ಬನಿಗೆ ಮಾತ್ರ.

ಅಣಕು ಕದನಕ್ಕಿಂತ ಅದಕ್ಕೂ ಮೊದಲು ನಡೆದ ಕವಾಯತಿನ ಪ್ರಾತ್ಯಕ್ಷಿಕೆಯೇ ನನ್ನ ಕೆಲಸಕ್ಕೆ ಹೆಚ್ಚು ಒದಗಿತು ಎನ್ನಬೇಕು. ಕದನದಲ್ಲಿ ಸುರಕ್ಷತೆಗಾಗಿ ಗುಂಡಿಲ್ಲದೆ ಬರೀ ಮದ್ದು ಹಾರಿಸುತ್ತಾರೆ, ಮದ್ದು ಇಡಿಯುವ ಸಲಾಕೆ ಮರೆತು ನಳಿಗೆಯಲ್ಲೇ ಉಳಿದು ಹಾರಿಹೋಗಬಾರದೆಂದು ಅದನ್ನು ಅದರ ಜಾಗದಿಂದ ಹೊರತೆಗೆಯುವುದೇ ಇಲ್ಲ. ಪ್ರಾತ್ಯಕ್ಷಿಕೆಯಲ್ಲಿ ಮಾತ್ರ ಎಲ್ಲವನ್ನೂ ನಿಧಾನವಾಗಿ ತೋರಿಸಿದರು: ಕಾಗದದ ತೋಟಾವನ್ನು ಹಲ್ಲಿನಿಂದ ಹರಿಯುವುದು, ಬಂದೂಕಿನ ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚುವುದು, ಹಿಡಿಯನ್ನು ನೆಲಕ್ಕೂರಿ ಉಳಿದದ್ದನ್ನು ನಳಿಗೆಗೆ ಸುರಿದು ಸಲಾಕೆಯಿಂದ ಇಡಿಯುವುದು. ಬಯೋನೆಟ್ ಸಿಕ್ಕಿಸಿದ್ದರೂ ಕೈಗೆ ತಾಗುವುದಿಲ್ಲ, ಏಕೆಂದರೆ ಅದರ ಅಲಗು ನಳಿಗೆಯ ಬಾಯಿಗೆ ನೇರವಾಗಿರದೆ ಮೊಣಕೈಯಂತೆ ಬಾಗಿ ಬಲಕ್ಕೆ ಸರಿದಿರುತ್ತದೆ. ಈ ಸೈನಿಕರ ಬಂದೂಕಾದ ಇಂಡಿಯಾ ಪ್ಯಾಟರ್ನ್ ಮಸ್ಕೆಟ್‌ನ ನಳಿಗೆ ಸುಮಾರು 99 ಸೆಂ.ಮೀ.; ನನ್ನ ಗೊಂಬೆಗಳ 1:32ರ ಅಳತೆಯಲ್ಲಿ ಅದು 31 ಮಿ.ಮೀ. ಆಗುತ್ತದೆ. ಈಸ್ಟ್ ಇಂಡಿಯಾ ಕಂಪನಿಗಾಗಿ ತಯಾರಾಗುತ್ತಿದ್ದ ಈ ಬಂದೂಕನ್ನು 1790ರ ದಶಕದಲ್ಲಿ, ಫ್ರಾನ್ಸ್ ವಿರುದ್ಧದ ಯುದ್ಧಕ್ಕೆ ಬಂದೂಕು ಸಾಲದಾದಾಗ, ಬ್ರಿಟಿಷ್ ಸೈನ್ಯವೂ ತೆಗೆದುಕೊಂಡಿತು.

ಹೊಗೆಯ ಯೋಜನೆಯನ್ನು ಬದಲಿಸಿದ್ದೇನೆ. ಬಂದೂಕಿನ ಕುದುರೆ (ಟ್ರಿಗರ್) ಎಳೆದೊಡನೆ ಮೊದಲು ಬಟ್ಟಲಿನ ಮದ್ದು ಹೊತ್ತಿ ಸೈನಿಕನ ಕೆನ್ನೆಯ ಪಕ್ಕದಲ್ಲಿ ಹೊಗೆ ಮೇಲೇಳುತ್ತದೆ, ಮರುಕ್ಷಣವೇ ನಳಿಗೆಯಿಂದ ಇನ್ನೊಂದು ಹೊಗೆ ಮುಂದಕ್ಕೆ ನುಗ್ಗುತ್ತದೆ. ಆ ದಿನ ಎದುರುಗಾಳಿಯಿದ್ದುದರಿಂದ ಎರಡೂ ಬೆರೆತು ಸಾಲಿನ ಮೇಲೆಯೇ ಹಿಂದಿರುಗುತ್ತಿದ್ದವು. ಕೆಲವು ಸುತ್ತುಗಳಾದ ಮೇಲೆ ಎರಡನೆಯ ಸಾಲಿನವರ ಸೊಂಟದಿಂದ ಮೇಲಿನ ಭಾಗ ಮಸುಕಾಗಿ, ಬೆನ್ನುಚೀಲಗಳ ಕಪ್ಪು ಮಾತ್ರ ಎದ್ದು ಕಾಣುತ್ತಿತ್ತು. ನಳಿಗೆಯ ತುದಿಗೆ ಹತ್ತಿಯ ಉಂಡೆ ಅಂಟಿಸುವ ಬದಲು ತೆಳ್ಳಗೆ ಹಿಂಜಿದ ಹತ್ತಿಯನ್ನು ಸಾಲಿನುದ್ದಕ್ಕೂ ಹರಡಬೇಕೆಂದಿದ್ದೇನೆ.

ಸದ್ಯ ಮೂರು ಗೊಂಬೆಗಳ ಭುಜ ಮುಗಿದಿದೆ. ಮುಂದಿನದು ಬಲಸೊಂಟದ ಹಿಂದೆ ಬರುವ ತೋಟಾ ಪೆಟ್ಟಿಗೆ, ಎಡಗಡೆಯ ಬಟ್ಟೆ ಚೀಲ ಮತ್ತು ಮರದ ನೀರಿನ ಡಬ್ಬಿ. ಪಟ್ಟಿ ಬಿಗಿದಲ್ಲಿ ಬಟ್ಟೆ ಯಾವ ಕಡೆಗೆ ನೆರಿಗೆಗಟ್ಟುತ್ತದೆ ಎಂಬುದನ್ನು ತಂದೆಯವರು ಹಳೆಯ ಕೋಟೊಂದಕ್ಕೆ ಬೆಲ್ಟ್ ಬಿಗಿದು ತೋರಿಸಿದ್ದಾರೆ. ಫೋಟೊ ತೆಗೆದಿಟ್ಟುಕೊಂಡಿದ್ದೇನೆ, ಪಟ್ಟಿಗಳಿಗೆ ತೆಳು ಸೀಸದ ಹಾಳೆಯನ್ನು ಕತ್ತರಿಸುವ ಕೆಲಸ ಈ ವಾರ ಶುರುವಾಗುತ್ತದೆ.