ಅನ್ನಪೂರ್ಣ ಸರ್ಕ್ಯೂಟ್: ಜೀಪಿನಲ್ಲಿ ಉಳಿಸಿದ ದಿನ ಮನಾಂಗ್‌ನಲ್ಲಿ ಕೈಕೊಡುತ್ತದೆ

ಯಾರಾದರೂ ‘ಅನ್ನಪೂರ್ಣ ಸರ್ಕ್ಯೂಟ್, 10 ದಿನ, ಎಲ್ಲ ಸೇರಿ’ ಎಂದು ನೇಪಾಳದ ಈ ಚಾರಣದ ಪ್ಯಾಕೇಜ್ ತೋರಿಸಿದರೆ ಬೆಲೆಯನ್ನು ಆಮೇಲೆ ನೋಡಿ. ಮೊದಲು ನೋಡಬೇಕಾದ್ದು ಎರಡನೇ ರಾತ್ರಿ ಎಲ್ಲಿ ಮಲಗಿಸುತ್ತಾರೆ ಅನ್ನುವುದನ್ನು. ಅಲ್ಲಿ ‘ಮನಾಂಗ್’ ಅಂತಿದ್ದರೆ ಆ ಕಾಗದವನ್ನು ಅಲ್ಲೇ ವಾಪಸ್ ಕೊಟ್ಟುಬಿಡಿ.

ಚಾರಣ ಶುರುವಾಗುವ ಬೇಸಿಶಹರ್ ಇರುವುದು 760 ಮೀಟರ್ ಎತ್ತರದಲ್ಲಿ, ಮನಾಂಗ್ 3,540ರಲ್ಲಿ. ಈಗ ಮನಾಂಗ್ ತನಕ ಜೀಪ್ ರಸ್ತೆ ಆಗಿದೆ. ಬೆಳಿಗ್ಗೆ ಹತ್ತಿದರೆ ಸಂಜೆಗೆ ಮನಾಂಗ್. ಅಂದರೆ ಒಂದೇ ಹಗಲಿನಲ್ಲಿ 2,780 ಮೀಟರ್ ಏರಿದ ಹಾಗೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 300ರಿಂದ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಊರಲ್ಲಿ ಎರಡು ರಾತ್ರಿ ಇರಬೇಕು ಎನ್ನುವುದು ಗೈಡ್‌ಗಳಿಗೆಲ್ಲ ಗೊತ್ತಿರುವ ಲೆಕ್ಕ. ಗೊತ್ತಿದ್ದೂ ಮುರಿಯುತ್ತಾರೆ, ಯಾಕೆಂದರೆ ಗಿರಾಕಿಗೆ ಸಿಕ್ಕಿರುವ ರಜೆಯೇ ಅಷ್ಟು. ಹಾಗೆ ಉಳಿಸಿದ ಎರಡು ದಿನ ಮನಾಂಗ್‌ನಲ್ಲಿ ತಲೆನೋವು, ವಾಂತಿಯಾಗಿ ವಾಪಸ್ ಬರುತ್ತದೆ.

ಎರಡು ವಾರ ಮಾತ್ರ ಇದೆ ಅನ್ನುವವರು ಜೀಪನ್ನು ಧಾರಾಪಾನಿಯಲ್ಲಿ (1,860 ಮೀ) ಬಿಡಿ, ತೀರಾ ಅವಸರವಿದ್ದರೆ ಚಾಮೆಯಲ್ಲಿ (2,670 ಮೀ). ಅದಕ್ಕಿಂತ ಮೇಲೆ ಚಕ್ರದ ಮೇಲೆ ಹೋಗಬೇಡಿ. ಧಾರಾಪಾನಿಗಿಂತ ಕೆಳಗಿನ ದಾರಿ ಈಗ ಧೂಳು, ಹಾರ್ನ್, ಜಲವಿದ್ಯುತ್ ಯೋಜನೆಗಳ ಟ್ರಕ್ಕು. ಅದನ್ನು ನಡೆಯದಿದ್ದರೆ ಏನೂ ನಷ್ಟವಿಲ್ಲ. ಆದರೆ ಜೀಪ್ ಅಂದರೆ ಆರಾಮ ಅಂದುಕೊಳ್ಳುವುದೂ ಬೇಡ. ಹತ್ತು-ಹನ್ನೆರಡು ಜನ, ಮೇಲೆ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಅದರ ಮೇಲೆ ನಿಮ್ಮ ಬ್ಯಾಗು. ಚಾಮ್ಜೆ ದಾಟಿದ ಮೇಲೆ ಬಂಡೆ ಕೊರೆದು ಮಾಡಿದ ರಸ್ತೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕೆಳಗೆ ಮರ್ಸ್ಯಾಂಗ್ದಿ ನದಿ. ಕೆಲವು ಕಡೆ ಜಲಪಾತದ ನೀರು ನೇರ ರಸ್ತೆಗೇ ಬೀಳುತ್ತದೆ, ಮೇಲಿಟ್ಟ ಬ್ಯಾಗು ಒದ್ದೆಯಾಗುವುದು ಇಲ್ಲೇ. ಮಲಗುವ ಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಯೇ ಮೇಲೆ ಕೊಡಿ. ಮಧ್ಯದ ಸಾಲಿನ ಸೀಟು ಕೇಳಿ ಹಿಡಿಯಿರಿ. ಹಿಂದಿನ ಅಡ್ಡ ಬೆಂಚಿನಲ್ಲಿ ಆರು ತಾಸು ಕೂತರೆ ಸೊಂಟ ಮರುದಿನದ ನಡಿಗೆಗೆ ಒಪ್ಪುವುದಿಲ್ಲ.

ದುಡ್ಡಿನಲ್ಲಿ ಮೋಸವಾಗುವುದು ಸಾಮಾನ್ಯವಾಗಿ ಪರ್ಮಿಟ್‌ನಲ್ಲಿ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶ ಶುಲ್ಕ ಬೇರೆ ವಿದೇಶಿಯರಿಗೆ 3,000 ನೇಪಾಳಿ ರೂಪಾಯಿ, ನಾವೂ ಸೇರಿ ಸಾರ್ಕ್ ದೇಶದವರಿಗೆ 1,000. ಚಾರಣಿಗರ ನೋಂದಣಿಯ ಟಿಮ್ಸ್ ಕಾರ್ಡಿನಲ್ಲೂ ಇಂಥದೇ ರಿಯಾಯಿತಿ ಇದೆ. ಪ್ಯಾಕೇಜಿನಲ್ಲಿ ದೊಡ್ಡ ದರ ಹಿಡಿದು, ಕೌಂಟರಿನಲ್ಲಿ ಸಣ್ಣ ದರ ಕಟ್ಟುವವರು ಇದ್ದಾರೆ. ಪರ್ಮಿಟ್ ಮತ್ತು ಅದರ ರಸೀದಿ ನಿಮ್ಮ ಕೈಗೇ ಬರಬೇಕು ಎಂದು ಮೊದಲೇ ಹೇಳಿಬಿಡಿ; ದಾರಿಯ ಚೆಕ್‌ಪೋಸ್ಟುಗಳಲ್ಲಿ ಹೇಗೂ ತೋರಿಸಬೇಕು. 2023ರ ಏಪ್ರಿಲ್ 1ರಿಂದ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಎಂಬ ನಿಯಮ ಬಂದಿದೆ. ನಿಯಮ ಇರಲಿ ಬಿಡಲಿ, 5,416 ಮೀಟರಿನ ಥೋರೋಂಗ್ ಲಾ ಎಂಬ ಪಾಸ್ (ಪರ್ವತದ ಕಣಿವೆದಾರಿ) ದಾಟಲು ದಾರಿ ಬಲ್ಲವರೊಬ್ಬರು ಜೊತೆಗಿರಬೇಕು. ಇಬ್ಬರಿಗೆ ಒಬ್ಬ ಪೋರ್ಟರ್ ಸಾಕು, ಆದರೆ ಇಬ್ಬರ ಸಾಮಾನೂ ಸೇರಿ 20 ಕೆ.ಜಿ. ಮೀರದಂತೆ ನೋಡಿಕೊಳ್ಳಿ. ಆತನ ವಿಮೆ, ಊಟ, ಪಾಸ್ ದಾಟುವ ದಿನದ ಕೈಗವಸು-ಜಾಕೆಟ್ ಯಾರ ಲೆಕ್ಕ ಎಂಬುದನ್ನು ಕಠ್ಮಂಡುವಿನಲ್ಲೇ ಬರೆಸಿಕೊಳ್ಳಿ. ಗೈಡ್‌ಗಿಂತ ಮೊದಲು ಚಳಿಗೆ ಸಿಗುವವನು ಪೋರ್ಟರ್.

ನೇಪಾಳಕ್ಕೆ ನಮಗೆ ವೀಸಾ ಬೇಡ. ಆದರೆ 15ರಿಂದ 65 ವಯಸ್ಸಿನವರಿಗೆ ವಿಮಾನದಲ್ಲಿ ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ, ಇದು ಸ್ಥಿರ ದರ. ನಮ್ಮ 100ರ ನೋಟು ಎಲ್ಲೆಡೆ ಚಲಾವಣೆ, ದೊಡ್ಡ ನೋಟಿಗೆ ಮುಖ ಸಿಂಡರಿಸುತ್ತಾರೆ. ಬೇಸಿಶಹರ್ ಬಿಟ್ಟರೆ ಪಾಸಿನ ಆಚೆಯ ಜೋಮ್ಸೋಮ್ ತನಕ ಎಟಿಎಂ ನಂಬಬೇಡಿ. ಚಾರ್ಜಿಂಗ್, ಬಿಸಿನೀರಿನ ಸ್ನಾನ, ವೈಫೈ ಎಲ್ಲಕ್ಕೂ ಬೇರೆ ಬೇರೆ ದುಡ್ಡು, ಎಲ್ಲವೂ ನಗದು. ಕೋಣೆ ಮಾತ್ರ ಅಗ್ಗ, ಕೆಲವೊಮ್ಮೆ ಪುಕ್ಕಟೆ. ಷರತ್ತೇನೆಂದರೆ ರಾತ್ರಿ ಊಟ ಮತ್ತು ಬೆಳಗಿನ ತಿಂಡಿ ಅಲ್ಲೇ ಮಾಡಬೇಕು. ಕೋಣೆ ಹಿಡಿದು ಪಕ್ಕದ ಲಾಡ್ಜಿನಲ್ಲಿ ಉಂಡರೆ ಮಾಲೀಕರು ಸಿಟ್ಟಾಗುವುದು ನ್ಯಾಯವೇ.

ಚಾಮೆಯಿಂದ ಮುಂದೆ ದಾರಿ ಎರಡು. ಕೆಳಗಿನ ಪಿಸಾಂಗ್ ಹಿಡಿದು ಹುಮ್ಡೆ ಮೇಲೆ ಹೋಗುವುದು ಸುಲಭ, ಸಮತಟ್ಟು, ಬೇಸರ. ಮೇಲಿನ ಪಿಸಾಂಗ್‌ನಲ್ಲಿ (3,300 ಮೀ) ಉಳಿದು, ಮರುದಿನ ಘ್ಯಾರು ಹತ್ತಿ ಙವಾಲ್‌ನಲ್ಲಿ (3,660 ಮೀ) ಮಲಗುವುದೇ ಸರಿಯಾದ ದಾರಿ. ಘ್ಯಾರುವಿನ ಏರು ಸುಮಾರು 400 ಮೀಟರ್, ಹಾವಿನ ಹಾಗೆ ತಿರುವು, ನೆರಳಿಲ್ಲ. ಬೆಳಿಗ್ಗೆ ಏಳಕ್ಕೇ ಶುರು ಮಾಡಿ. ಹತ್ತಿ ನಿಂತರೆ ಎದುರಿಗೆ ಅನ್ನಪೂರ್ಣ-2. ಇನ್ನೊಂದು ಲಾಭ: ಙವಾಲ್‌ನಲ್ಲಿ ಮಲಗಿದವರಿಗೆ ಮನಾಂಗ್ ಸ್ವಲ್ಪ ಕೆಳಗೆ. ದೇಹಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಮನಾಂಗ್‌ನಲ್ಲಿ ಎರಡು ರಾತ್ರಿ ಅಂದರೆ ನಡುವಿನ ಹಗಲು ಹಾಸಿಗೆಯಲ್ಲಿ ಬಿದ್ದಿರುವುದಲ್ಲ. ಗಂಗಾಪೂರ್ಣ ಸರೋವರದ ಮೇಲಿನ ದಿಬ್ಬಕ್ಕೋ, ಕಾಲು ಗಟ್ಟಿ ಇದ್ದರೆ ಬ್ರಾಗಾ ಮೇಲಿನ ಐಸ್ ಲೇಕ್ ಕಡೆಗೋ (ಸುಮಾರು 4,600 ಮೀ) ಹತ್ತಿ ಇಳಿಯಿರಿ. ಸೀಸನ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾಲಯದಲ್ಲಿ ಮಧ್ಯಾಹ್ನ ವೈದ್ಯರು ಎತ್ತರದ ಕಾಯಿಲೆಯ ಬಗ್ಗೆ ತಿಳಿಸಿಕೊಡುತ್ತಾರೆ. ಗೈಡನ್ನೂ ಕರೆದುಕೊಂಡು ಹೋಗಿ ಕೂರಿಸಿ. ಈ ಕಾಯಿಲೆ ತಡೆಯಲು ಡಯಾಮಾಕ್ಸ್ ಮಾತ್ರೆ ತಗೊಳ್ಳುವವರು ಊರಲ್ಲೇ ವೈದ್ಯರನ್ನು ಕೇಳಿಕೊಂಡು ಬನ್ನಿ, ಸಲ್ಫಾ ಅಲರ್ಜಿ ಇದ್ದವರು ಮುಖ್ಯವಾಗಿ. ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ ಹೇಳುತ್ತಾರೆ. ಬೆರಳ ತುದಿ ಜುಮುಜುಮು ಅನ್ನುತ್ತದೆ, ರಾತ್ರಿ ಎರಡು ಸಲ ಎದ್ದು ಹೊರಗೆ ಹೋಗಬೇಕಾಗುತ್ತದೆ; ಅದು ಮಾತ್ರೆಯ ಗುಣ, ಗಾಬರಿ ಬೇಡ. ಗಾಬರಿಯಾಗಬೇಕಾದ್ದು ಬೇರೆ: ಸುಮ್ಮನೆ ಕೂತಾಗಲೂ ಏದುಸಿರು, ಅಥವಾ ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲಾಗದೆ ತೂರಾಡುವುದು. ಆಗ ಬೆಳಗಾಗಲಿ ಎಂದು ಕಾಯಬಾರದು, ರಾತ್ರಿಯೇ ಇಳಿಯಬೇಕು. ಎಲ್ಲ ಲಾಡ್ಜಿನವರೂ ಹೇಳುವ ಬೆಳ್ಳುಳ್ಳಿ ಸೂಪು ಬಿಸಿಬಿಸಿಯಾಗಿ ಚೆನ್ನಾಗಿರುತ್ತದೆ. ಮದ್ದು ಮಾತ್ರ ಅಲ್ಲ.

ಇದರ ಉಲ್ಟಾ ಮೋಸವೂ ಇದೆ. ಸಣ್ಣ ತಲೆನೋವಿಗೇ ‘ಹೆಲಿಕಾಪ್ಟರ್ ಕರೆಸೋಣ, ವಿಮೆ ಇದೆಯಲ್ಲ’ ಅನ್ನುವವರು. ಈ ದಂಧೆಯ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ನಡೆಸಿತ್ತು. ವಿಮಾ ಕಂಪನಿಯ ತುರ್ತು ನಂಬರಿಗೆ ನೀವೇ ಫೋನ್ ಮಾಡಿ ಒಪ್ಪಿಗೆ ಪಡೆಯಿರಿ. ಪಾಲಿಸಿಯಲ್ಲಿ 6,000 ಮೀಟರ್ ತನಕ ಚಾರಣ ಎಂದು ಅಕ್ಷರದಲ್ಲಿ ಇರಬೇಕು. ಎಷ್ಟೋ ಪಾಲಿಸಿಗಳು 4,000ಕ್ಕೇ ನಿಂತುಬಿಡುತ್ತವೆ.

ಮನಾಂಗ್ ಬಿಟ್ಟರೆ ಯಾಕ್ ಖರ್ಕಾ (4,050 ಮೀ), ಆಮೇಲೆ ಥೋರೋಂಗ್ ಫೇದಿ (4,450 ಮೀ). ಫೇದಿಯಲ್ಲಿ ಮಲಗುವುದೋ, ಹೈ ಕ್ಯಾಂಪ್‌ನಲ್ಲೋ (4,880 ಮೀ) ಎಂಬ ವಾದಕ್ಕೆ ನನ್ನ ಮತ ಫೇದಿಗೆ. ಹೈ ಕ್ಯಾಂಪ್‌ನಲ್ಲಿ ಮಲಗಿದರೆ ಮರುದಿನ ಒಂದೂವರೆ ತಾಸು ಉಳಿಯುತ್ತದೆ ನಿಜ, ಆದರೆ ಯಾಕ್ ಖರ್ಕಾದಿಂದ ಒಂದೇ ದಿನ 830 ಮೀಟರ್ ಏರಿ ಅಲ್ಲಿ ನಿದ್ದೆ ಬರುವವರು ಕಮ್ಮಿ. ಫೇದಿಯಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಸಾಕು. ಹೊತ್ತು ಏರಿದ ಹಾಗೆ ಪಾಸಿನ ಮೇಲೆ ಗಾಳಿ ಜೋರಾಗುತ್ತದೆ, ಅಷ್ಟರೊಳಗೆ ದಾಟಬೇಕು. ನೀರಿನ ಪೈಪಿರುವ ಚೀಲ ಅಂದು ಬೇಡ, ಮೊದಲು ಹೆಪ್ಪುಗಟ್ಟುವುದು ಪೈಪೇ. ಬಿಸಿನೀರು ತುಂಬಿದ ಬಾಟಲಿಯನ್ನು ಕಾಲುಚೀಲದೊಳಗೆ ತೂರಿಸಿ ತಲೆಕೆಳಗಾಗಿಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತದೆ, ಹಾಗಾಗಿ ಮುಚ್ಚಳ ತೆರೆಯುತ್ತದೆ. ಫೋನನ್ನು ಒಳಜೇಬಿನಲ್ಲಿಡಿ. ದಾಟಿದ ಮೇಲೆ ಮುಕ್ತಿನಾಥಕ್ಕೆ 1,600 ಮೀಟರ್ ಇಳಿತ, ಹತ್ತುವುದಕ್ಕಿಂತ ಕ್ರೂರ. ಎರಡು ಕೋಲು ಇಲ್ಲದೆ ಹೋಗಬೇಡಿ.

ಅಕ್ಟೋಬರಿನಲ್ಲಿ ಹೋಗುವವರು ಬಂಗಾಳ ಕೊಲ್ಲಿಯ ಸುದ್ದಿ ನೋಡುತ್ತಿರಿ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಬಾಲ ಎರಡೇ ದಿನದಲ್ಲಿ ಈ ಪಾಸಿನ ಮೇಲೆ ಹಿಮವಾಗಿ ಸುರಿದು, ಈ ಭಾಗದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಆಂಧ್ರ-ಒಡಿಶಾ ಕಡೆ ಚಂಡಮಾರುತ ಅಂದರೆ ಮನಾಂಗ್‌ನಲ್ಲೇ ಕೂತು ಕಾಯಿರಿ. ಇದಕ್ಕೆಂದೇ ಎರಡು ದಿನ ಹೆಚ್ಚಿಟ್ಟುಕೊಳ್ಳಬೇಕು. ದಸೈನ್ (ನೇಪಾಳದ ದಸರಾ) ಹಬ್ಬದ ವಾರ ಮಾತ್ರ ಬೇಡ, ಪೋರ್ಟರುಗಳೂ ಸಿಗುವುದಿಲ್ಲ, ಜೀಪೂ ಸಿಗುವುದಿಲ್ಲ.

ಮುಕ್ತಿನಾಥದಲ್ಲಿ (ಸುಮಾರು 3,800 ಮೀ) ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. 108 ಧಾರೆಗಳ ಕೆಳಗೆ ಓಡಲು, ಕಾಳಿ ಗಂಡಕಿಯ ಸಾಲಿಗ್ರಾಮ ನೋಡಲು ಉಡುಪಿ-ಮೈಸೂರು ಕಡೆಯಿಂದ ಹಿರಿಯರು ಬರುತ್ತಾರೆ. ಅಪ್ಪ-ಅಮ್ಮ ಅಲ್ಲಿ ಬಂದು ಸೇರಿಕೊಳ್ಳಲಿ ಎಂದು ಯೋಜಿಸುವವರಿಗೆ ಒಂದು ಮಾತು: ನೀವು ಎರಡು ವಾರ ನಡೆದು ಒಗ್ಗಿದವರು, ಅವರು ಪೋಖರಾದ 820 ಮೀಟರಿನಿಂದ ನೇರ ಬರುವವರು. ಅವರನ್ನು ಮಾರ್ಫಾದಲ್ಲೋ ಜೋಮ್ಸೋಮ್‌ನಲ್ಲೋ (2,720 ಮೀ) ಎರಡು ರಾತ್ರಿ ಇರಿಸಿ. ದರ್ಶನ ಮುಗಿಸಿ ಅದೇ ದಿನ ಕೆಳಗಿಳಿಸಿ. ಮೇಲೆ ಮಲಗಿಸಬೇಡಿ.

ಇನ್ನು ಊಟ. ಮನಾಂಗ್ ಕಡೆಯ ಲಾಡ್ಜುಗಳಲ್ಲಿ ಪಿಜ್ಜಾ, ಲಸಾನ್ಯ, ಆಪಲ್ ಪೈ ಎಂದು ಎಂಟು ಪುಟದ ಮೆನು ಇರುತ್ತದೆ. ಮುಚ್ಚಿಟ್ಟು ದಾಲ್‌ಭಾತ್ ಹೇಳಿ. ನಿಜವಾದ ಊಟ ಪಾಸಿನ ಆಚೆಗೆ, ಥಕಾಲಿ ಸಮುದಾಯದವರ ನಾಡಿನಲ್ಲಿ. ಕಾಗ್ಬೇನಿ, ಜೋಮ್ಸೋಮ್, ಮಾರ್ಫಾಗಳಲ್ಲಿ ಬೋರ್ಡಿಲ್ಲದ, ಡ್ರೈವರುಗಳು ಉಣ್ಣುವ ಭಟ್ಟಿ (ಸಣ್ಣ ಊಟದ ಮನೆ) ಹುಡುಕಿ. ಕಂಚಿನ ತಟ್ಟೆಯ ನಡುವೆ ಅನ್ನ, ಅಥವಾ ಕೇಳಿದರೆ ಧಿಂಡೊ. ಧಿಂಡೊ ಅಂದರೆ ಇಲ್ಲಿ ಹೆಚ್ಚಾಗಿ ಫಾಪರ್ (ಬಕ್‌ವೀಟ್) ಎಂಬ ಧಾನ್ಯದ ಹಿಟ್ಟನ್ನು ಕುದಿನೀರಿಗೆ ಹಾಕಿ ಮರದ ಸೌಟಿನಲ್ಲಿ ತಿರುವಿದ ಮುದ್ದೆ. ನಮ್ಮವರು ಅಗಿಯದೆ ನುಂಗುವುದನ್ನು ನೋಡಿ ಅಲ್ಲಿಯ ಅಡುಗೆಯವರು ನಕ್ಕು ಇನ್ನೊಂದು ಉಂಡೆ ಹಾಕುತ್ತಾರೆ. ಸಿಪ್ಪೆ ಸಹಿತ ಉದ್ದಿನಬೇಳೆಯನ್ನು ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಕಪ್ಪು ದಾಲ್, ಅದರ ಮೇಲೆ ತುಪ್ಪದಲ್ಲಿ ಒಣ ಜಿಂಬು ಸೊಪ್ಪು ಸಿಡಿಸಿದ ಒಗ್ಗರಣೆ. ಪಕ್ಕದಲ್ಲಿ ಸಾಸಿವೆ ಸೊಪ್ಪು, ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್, ಮೂಲಂಗಿ ಉಪ್ಪಿನಕಾಯಿ, ತಿಮುರ್ ಹಾಕಿ ಅರೆದ ಟೊಮೆಟೊ ಚಟ್ನಿ. ತಿಮುರ್ ನಮ್ಮ ಕರಾವಳಿಯ ಜುಮ್ಮಿನಕಾಯಿಯ ನೆಂಟ, ನಾಲಿಗೆ ಅದೇ ಥರ ಜುಂ ಅನ್ನುತ್ತದೆ. ಅನ್ನ, ದಾಲ್, ಪಲ್ಯ ಎಷ್ಟು ಸಲ ಕೇಳಿದರೂ ಅದೇ ಬೆಲೆ. ಫೇದಿಯ ಒಂದು ತಟ್ಟೆ ನೂಡಲ್ಸಿನ ದುಡ್ಡಿನಲ್ಲಿ ಇಲ್ಲಿ ಹೊಟ್ಟೆ ಬಿರಿಯೆ ಉಣ್ಣಬಹುದು. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೆ ಎಚ್ಚರಿಕೆ: ಜಿಂಬು ಕೂಡ ಆ ಕುಲದ್ದೇ. ‘ಜಿಂಬು ನಹಾಲ್ನುಸ್’ ಅಂದರೆ ಹಾಕುವುದಿಲ್ಲ.

ಜೋಮ್ಸೋಮ್‌ನಿಂದ ಪೋಖರಾಕ್ಕೆ ವಿಮಾನ ಹಾರುವುದು ಬೆಳಿಗ್ಗೆ ಮಾತ್ರ. ಹೊತ್ತೇರಿದ ಮೇಲೆ ಕಣಿವೆಯಲ್ಲಿ ಗಾಳಿ ಎದ್ದು ಎಲ್ಲ ರದ್ದು. ಬಸ್ಸಾದರೆ ಒಳ್ಳೆಯ ದಿನವೂ ಎಂಟು-ಹತ್ತು ತಾಸು, ಮಣ್ಣು ಕುಸಿದರೆ ಲೆಕ್ಕವಿಲ್ಲ. ಒಂದೇ ದಿನ ಮುಗಿಸುವ ಹಠ ಬಿಟ್ಟು ತಾತೋಪಾನಿಯಲ್ಲಿ ಇಳಿಯಿರಿ, ಬಿಸಿನೀರಿನ ಬುಗ್ಗೆಯಲ್ಲಿ ಮೊಣಕಾಲು ನೆನೆಸಿ, ಮರುದಿನ ಹೊರಡಿ. ಟಿಕೆಟನ್ನು ಹಿಂದಿನ ಸಂಜೆಯೇ ಕೌಂಟರಿಗೆ ಹೋಗಿ ಸೀಟು ನಂಬರ್ ಬರೆಸಿ ತಗೊಳ್ಳಿ. ನಂಬರಿಲ್ಲದ ಚೀಟಿ ಹಿಡಿದು ಬಂದವರಿಗೆ ಸಿಗುವುದು ಎಂಜಿನ್ ಪಕ್ಕದ ಮೂಟೆ.